ಅಲೆ ಅಳಿಸಿದ ಕ್ಯಾಮೆರಾ

ಹತ್ತೊಂಬತ್ತನೆಯ ಶತಮಾನದ ವೆನಿಸ್ ಫೋಟೊಗಳಲ್ಲಿ ಎಷ್ಟೋ ಕಡೆ ಕಾಲುವೆಗೆ ಅಲೆಯೇ ಇಲ್ಲ. ಅರಮನೆಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಿವೆ, ನರಪಿಳ್ಳೆಯ ಸುಳಿವಿಲ್ಲ. ನಿಜದಲ್ಲಿ ಆ ಕಾಲುವೆಗಳೇ ಊರಿನ ಬೀದಿಗಳು. ತರಕಾರಿ, ಸೌದೆ, ಮೀನು, ಕೊನೆಗೆ ಸ್ಯಾನ್ ಮಿಕೆಲೆ ದ್ವೀಪದ ಸ್ಮಶಾನಕ್ಕೆ ಹೊರಟ ಶವಪೆಟ್ಟಿಗೆ ಕೂಡ ದೋಣಿಯಲ್ಲೇ ಸಾಗಬೇಕು. ಅಷ್ಟೆಲ್ಲ ಗದ್ದಲ ಎಲ್ಲಿ ಹೋಯಿತು?

ಕ್ಯಾಮೆರಾ ನುಂಗಿತು. 1839ರಲ್ಲಿ ಜಗತ್ತಿಗೆ ಪರಿಚಯವಾದ ಫೋಟೊ ವಿಧಾನ ಡಾಗೆರೊಟೈಪ್‌ನಲ್ಲಿ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಬೇಕಿತ್ತು. ಮೊದಮೊದಲು ಅದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಕಲ್ಲು ಕಾದು ನಿಂತಿತು. ದೋಣಿ, ಅಂಬಿಗ, ಅಲೆ ಯಾವುದೂ ಕಾಯಲಿಲ್ಲ. (ತಗಡಿನ ಚಿತ್ರ ಕನ್ನಡಿಯಂತೆ ಎಡಬಲ ಅದಲುಬದಲು, ಹಾಗಾಗಿ ದಂಡೆಗಳೂ ಜಾಗ ಬದಲಿಸಿದವು!)

ಇಂಗ್ಲಿಷ್ ಕಲಾವಿಮರ್ಶಕ ಜಾನ್ ರಸ್ಕಿನ್‌ಗೆ ಬೇಕಾಗಿದ್ದುದೂ ಕಲ್ಲೇ. 1845ರಲ್ಲಿ ಆತ ಬಂದಾಗ ವೆನಿಸ್‌ಗೆ ರೈಲು ಸೇತುವೆ ಕಟ್ಟುತ್ತಿದ್ದರು. ಹಳೆಯ ಊರು ಕೈಜಾರುತ್ತಿದೆ ಎಂಬ ಕಳವಳದಲ್ಲಿ ಆತ ಡಾಗೆರೊಟೈಪ್‌ಗಳನ್ನು ಕೊಂಡ. ಮುಂದೆ ಸೇವಕ ಜಾನ್ ಹಾಬ್ಸ್‌ನ ನೆರವಿನಿಂದ ತಾನೇ ತೆಗೆಸಿದ. ವೆನಿಸ್ ವಾಸ್ತುಶಿಲ್ಪದ ಕುರಿತ ಅವನ ಕೃತಿ ‘ದಿ ಸ್ಟೋನ್ಸ್ ಆಫ್ ವೆನಿಸ್’ ಹೊರಬಂದದ್ದು 1851–53ರಲ್ಲಿ.

ರಸ್ಕಿನ್‌ನನ್ನು ಕ್ಷಮಿಸಬಹುದು. ವೆನಿಸ್ ಛಾಯಾಗ್ರಾಹಕ ಕಾರ್ಲೊ ನಾಯಾ ವಿಷಯದಲ್ಲಿ ನನಗೆ ಅಷ್ಟು ಉದಾರತೆ ಇಲ್ಲ. ಅವನ ಕಾಲಕ್ಕೆ ಗಾಜಿನ ನೆಗೆಟಿವ್ ಬಂದಿತ್ತು, ಬೆಳಕಿಗೆ ಕಾಯುವ ಹೊತ್ತೂ ಇಳಿದಿತ್ತು. ಆತ ಹಗಲಲ್ಲಿ ತೆಗೆದ ದೃಶ್ಯವನ್ನು ಕಪ್ಪಾಗಿ ಮುದ್ರಿಸಿ, ನೀಲಿ ಬಣ್ಣ ಹಚ್ಚಿ, ಬೆಳದಿಂಗಳ ವೆನಿಸ್ ಎಂದು ಪ್ರವಾಸಿಗರಿಗೆ ಮಾರಿದ. 1797ರಲ್ಲಿ ವೆನಿಸ್ ಗಣರಾಜ್ಯ ಬಿದ್ದ ಮೇಲೆ ಆ ಊರೆಂದರೆ ಸಾಯುತ್ತಿರುವ ಸುಂದರಿ ಎಂಬ ಕಲ್ಪನೆ ಯುರೋಪಿನಲ್ಲಿ ಬೇರೂರಿತ್ತಷ್ಟೆ. ನಿಶ್ಚಲ ನೀರು ಆ ಕಲ್ಪನೆಗೆ ಹೇಳಿ ಮಾಡಿಸಿದಂತಿತ್ತು. ತಂತ್ರದ ಕೊರತೆಯಾಗಿ ಹುಟ್ಟಿದ್ದು ವ್ಯಾಪಾರದ ಸರಕಾಯಿತು.

ಇದೇ ಕಾಲದಲ್ಲಿ ಈಜಿಪ್ಟಿನ ಸೂಯೆಜ್‌ನಲ್ಲಿ ಛಾಯಾಗ್ರಾಹಕ ಇಪ್ಪೊಲಿತ್ ಆರ್ನೂ ಹೂಳೆತ್ತುವ ಯಂತ್ರಗಳನ್ನೂ ಹಡಗುಗಳನ್ನೂ ಸೆರೆಹಿಡಿಯುತ್ತಿದ್ದ. 1869ರಲ್ಲಿ ತೆರೆದ ಅಲ್ಲಿನ ಕಾಲುವೆ ಚಿತ್ರಗಳಲ್ಲಿ ನಾಳಿನ ಜಗತ್ತಾಯಿತು. ವೆನಿಸ್‌ನದು ನಿನ್ನೆಯಾಗಿಯೇ ಉಳಿಯಿತು. ಆದರೆ 1894ರಲ್ಲಿ ವೆನಿಸ್‌ಗೆ ಬಂದ ಅಮೆರಿಕದ ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಅರಮನೆಗಳ ಮುಂಭಾಗ ಬಿಟ್ಟು ಇಕ್ಕಟ್ಟಾದ ಒಳಕಾಲುವೆಗೆ ಕ್ಯಾಮೆರಾ ತಿರುಗಿಸಿದ. ನನ್ನ ಮಟ್ಟಿಗೆ ಆ ಚಿತ್ರ ನಾಯಾನ ಅಷ್ಟೂ ಬೆಳದಿಂಗಳಿಗಿಂತ ಮೇಲು.

ರಸ್ಕಿನ್‌ನ ಕಳೆದುಹೋಗಿದ್ದ ತಗಡುಗಳು 2006ರಲ್ಲಿ ಇಂಗ್ಲೆಂಡಿನ ಪೆನ್ರಿತ್‌ನ ಹರಾಜೊಂದರಲ್ಲಿ ಸಿಕ್ಕವು. ಕೆನ್ ಮತ್ತು ಜೆನ್ನಿ ಜೇಕಬ್‌ಸನ್ ದಂಪತಿ 2015ರಲ್ಲಿ ಅವನ್ನು ಪುಸ್ತಕವಾಗಿ ತಂದರು. ಕೈಗೆ ಸಿಕ್ಕರೆ ನೋಡಿ, ಆದರೆ ಅರಮನೆಗಿಂತ ಮೊದಲು ನೀರನ್ನು ನೋಡಿ.