ಮದುವೆಗೆ ಬಂದವರು ಮಡಿಕೇರಿ ನೋಡಿ ಹೋಗಿ

ಮಡಿಕೇರಿಯಿಂದ ಮದುವೆ ಕರೆಯೋಲೆ ಬಂತೆಂದರೆ ದೊಡ್ಡವರಿಗೆ ಉಡುಗೊರೆಯ ಚಿಂತೆ, ಮಕ್ಕಳಿಗೆ ಘಟ್ಟದ ತಿರುವುಗಳದೇ ಧ್ಯಾನ. ಸುಮಾರು 3,800 ಅಡಿ ಎತ್ತರದ ಈ ಪುಟ್ಟ ಊರಿಗೆ ಬಂದು ಮಂಟಪದಲ್ಲಿ ಊಟ ಮುಗಿಸಿ ವಾಪಸಾಗುವವರೇ ಹೆಚ್ಚು. ಅದು ನಷ್ಟವೇ ಸರಿ.

ಮದುವೆ ಕೊಡವರದಾದರೆ ಮೊದಲು ಅದನ್ನೇ ನೋಡಿ. ವರನ ಕಡೆಯವರು ನೆಟ್ಟ ಬಾಳೆದಿಂಡನ್ನು ಒಡಿಕತ್ತಿಯಿಂದ ಕಡಿಯುವ ಗತ್ತು ಬೇರೆಲ್ಲೂ ಸಿಗದು. ಗಂಗಾಪೂಜೆ ಮುಗಿಸಿ ತಲೆಯ ಮೇಲೆ ನೀರು ಹೊತ್ತು ಬರುವ ಮದುಮಗಳ ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾರೆ. ಗಂಟೆಗಟ್ಟಲೆ ಕುಣಿದರೂ ಪಾಪ, ಆಕೆ ನಿಂತೇ ಇರಬೇಕು!

ಊಟಕ್ಕೂ ಗಂಗಾಪೂಜೆಗೂ ನಡುವೆ ಸಿಗುವ ಬಿಡುವು ಕೋಟೆಗೆ ಸಾಕು. ಮುದ್ದುರಾಜ 1681ರಲ್ಲಿ ಕಟ್ಟಿದ ಊರಿದು. ಮುದ್ದುರಾಜಕೇರಿಯೇ ಮಡಿಕೇರಿಯಾಯಿತು. ಕೋಟೆಯೊಳಗಿನ ಗಾರೆಯ ಆನೆಗಳೆರಡನ್ನು ಕಂಡ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಪಕ್ಕದ ಹಳೆಯ ಚರ್ಚು ಈಗ ವಸ್ತುಸಂಗ್ರಹಾಲಯ. ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು ಪದಚ್ಯುತಗೊಳಿಸಿದ್ದು 1834ರಲ್ಲಿ. ಆತ ಕಾಶಿಯಲ್ಲಿದ್ದು, ಬಳಿಕ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋಗಿ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಕೋಟೆಯಲ್ಲಿ ಈ ಚರ್ಚು ಎದ್ದದ್ದೂ ಅದೇ ವರ್ಷ! ಮಾಸ್ತಿಯವರಿಗೆ 1983ರ ಜ್ಞಾನಪೀಠ ತಂದ ‘ಚಿಕವೀರ ರಾಜೇಂದ್ರ’ವನ್ನು ಓದಿದ ವಿದ್ಯಾರ್ಥಿಗಳಿಗೆ ಈ ಗೋಡೆಗಳು ಬರೀ ಕಲ್ಲಾಗಿ ಕಾಣವು.

ಊರಂಚಿನ ಗದ್ದಿಗೆಯಲ್ಲಿ ದೊಡ್ಡವೀರರಾಜೇಂದ್ರ ಮತ್ತು ಲಿಂಗರಾಜೇಂದ್ರರ ಸಮಾಧಿಗಳಿವೆ. ಲಿಂಗರಾಜೇಂದ್ರನ ಮಗನಾದ ಚಿಕ್ಕವೀರನಿಗೆ ಮಾತ್ರ ಅಲ್ಲಿ ಜಾಗ ಸಿಗಲಿಲ್ಲ. ಅಲ್ಲಿನ ಗುಮ್ಮಟಗಳನ್ನು ದೂರದಿಂದ ಕಂಡವರು ದರ್ಗಾ ಎಂದುಕೊಳ್ಳುತ್ತಾರೆ. 1820ರ ಓಂಕಾರೇಶ್ವರ ದೇಗುಲವೂ ಹಾಗೆಯೇ: ಗುಮ್ಮಟ, ಮಿನಾರು, ಎದುರಿಗೆ ಕೊಳ. ನನ್ನನ್ನು ಕೇಳಿದರೆ, ಒಂದೇ ಒಂದು ಜಾಗ ನೋಡಲು ಸಮಯವಿದ್ದರೆ ಗದ್ದಿಗೆಯನ್ನೇ ಆರಿಸಿಕೊಳ್ಳಿ. ಜನಜಂಗುಳಿ ಇಲ್ಲ.

ಮುನ್ನಾದಿನ ಸಂಜೆ ತಲುಪುವವರು ಸೂರ್ಯಾಸ್ತಕ್ಕೆ ರಾಜಾಸೀಟಿಗೆ ಹೋಗಬಹುದು. ಸೈನ್ಯ ಸೇರುವ ಕನಸಿರುವ ಹುಡುಗ ಹುಡುಗಿಯರಿಗೆ ಜನರಲ್ ತಿಮ್ಮಯ್ಯನವರು ಹುಟ್ಟಿದ ‘ಸನ್ನಿಸೈಡ್’ ಮನೆಯಿದೆ. 2021ರಿಂದ ಅದು ವಸ್ತುಸಂಗ್ರಹಾಲಯ.

ತಲಕಾವೇರಿಯನ್ನು ಮಾತ್ರ ಮುಹೂರ್ತದ ದಿನ ಇಟ್ಟುಕೊಳ್ಳಬೇಡಿ. ಒಮ್ಮೆ ‘ಬೆಳಿಗ್ಗೆ ಹೋಗಿ ಬಂದುಬಿಡೋಣ’ ಎಂದು ಹೊರಟ ನಾವು ಹಿಂದಿರುಗುವಷ್ಟರಲ್ಲಿ ಮುಹೂರ್ತ ಮುಗಿದು ಎರಡನೇ ಪಂಕ್ತಿ ಏಳುತ್ತಿತ್ತು. ಮದುಮಗಳ ತಾಯಿ ಅದನ್ನು ಇನ್ನೂ ಮರೆತಿಲ್ಲ. ಒಂದು ಕಡೆಗೇ ಸುಮಾರು 45 ಕಿ.ಮೀ., ಅದೂ ತಿರುವಿನ ದಾರಿ. ಮದುವೆಯ ಮರುದಿನ ಹೋದರೆ ಭಾಗಮಂಡಲದ ಸಂಗಮವನ್ನೂ ನಿಧಾನವಾಗಿ ನೋಡಬಹುದು.

ಅಬ್ಬಿ ಜಲಪಾತ ಏಳೆಂಟು ಕಿ.ಮೀ. ಅಷ್ಟೇ. ಹೊಸ ಬಟ್ಟೆ, ಎತ್ತರದ ಚಪ್ಪಲಿಯಲ್ಲಿ ಬಂಡೆಗಿಳಿದು ಫೋಟೊ ತೆಗೆಸಿಕೊಳ್ಳುವ ಆಸೆ ಬೇಡ. ಪಾಚಿ ಯಾರಿಗೂ ಕರುಣೆ ತೋರದು. ಹುಡುಗರ ಗುಂಪನ್ನು ದೊಡ್ಡವರಿಲ್ಲದೆ ಕಳಿಸಬೇಡಿ. ಮಳೆಗಾಲದ ಮದುವೆಯಾದರೆ ಇನ್ನಷ್ಟು ಎಚ್ಚರ ಬೇಕು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದದ್ದು ಇದೇ ಸುತ್ತಿನಲ್ಲಿ. ದಾರಿ ಹೇಗಿದೆಯೆಂದು ಮದುವೆ ಮನೆಯವರನ್ನೇ ಕೇಳಿ ಹೊರಡಿ. ರೇಷ್ಮೆ ಸೀರೆಯ ಜೊತೆಗೊಂದು ಸ್ವೆಟರು, ಕೊಡೆಯೂ ಪೆಟ್ಟಿಗೆಯಲ್ಲಿರಲಿ.