ಛತ್ರವನ್ನು ಯಾವ ಹೊತ್ತಿನಲ್ಲಿ ನೋಡಬೇಕು?

ಹೆಣ್ಣು ಗಂಡಿನ ಜಾತಕ ಕೂಡಿ, ಮಾತುಕತೆ ಮುಗಿದು, ಪುರೋಹಿತರು ಲಗ್ನವನ್ನು ಗೊತ್ತುಮಾಡಿದ ಮರುಕ್ಷಣವೇ ಬೆಂಗಳೂರು, ಮೈಸೂರುಗಳ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: “ಛತ್ರ ಸಿಕ್ಕೀತೇ?” ಸೀರೆ, ಒಡವೆ, ಅಡುಗೆಯವರು ಎಲ್ಲವೂ ಆಮೇಲಿನ ಮಾತು. ಹುಡುಗಿಯ ತಂದೆ ಕಚೇರಿ ಮುಗಿಸಿಕೊಂಡು, ಸಂಜೆ ಏಳು ಗಂಟೆಯ ಮೇಲೆ, ಮನೆಯವರೊಡನೆ ಛತ್ರ ನೋಡಲು ಹೊರಡುತ್ತಾರೆ. ಅಲ್ಲಿನ ವ್ಯವಸ್ಥಾಪಕರು ಗುಂಡಿ ಒತ್ತುತ್ತಾರೆ. ಒಮ್ಮೆಗೇ ದೀಪಗಳ ಸಾಲು ಬೆಳಗಿ, ತೂಗುದೀಪಗಳು ಥಳಥಳಿಸಿ, ಮಂಟಪದ ಹಿಂದಿನ ಗೋಡೆ ಗುಲಾಬಿ ಬಣ್ಣ ತಾಳುತ್ತದೆ. “ಫೋಟೋಗೆ ಬಹಳ ಚೆನ್ನಾಗಿ ಬರುತ್ತೆ ಸಾರ್” ಎಂಬ ಒಂದು ಮಾತಿನೊಡನೆ ಮುಂಗಡದ ಹಣ ಸಂದಾಯವಾಗುತ್ತದೆ.

ಮದುವೆ ನಡೆಯುವುದಾದರೋ ಬೆಳಗಿನ ಒಂಬತ್ತೂವರೆಗೆ!

ತೊಡಕಿರುವುದು ಇಲ್ಲಿಯೇ. ಸಂಜೆ ಕಂಡ ಸಭಾಂಗಣವೇ ಬೇರೆ, ಮುಹೂರ್ತದ ಹೊತ್ತಿನ ಸಭಾಂಗಣವೇ ಬೇರೆ. ಮಂಟಪದ ಹಿಂದೆ ಕಿಟಕಿಯಿದ್ದರೆ ವಧೂವರರ ಬೆನ್ನಿಗೆ ಬಿಸಿಲು ಬಿದ್ದು ಮುಖ ಕಪ್ಪಾಗುತ್ತದೆ. ಒಂದು ಪಕ್ಕದಿಂದ ಹಗಲಿನ ಬೆಳಕೂ ಇನ್ನೊಂದು ಪಕ್ಕದಿಂದ ವಿದ್ಯುದ್ದೀಪವೂ ಬಿದ್ದರೆ ಒಂದು ಕೆನ್ನೆ ನೀಲಿ, ಮತ್ತೊಂದು ಹಳದಿ. ಈಗಿನ ಕೆಲವು ಅಗ್ಗದ ಎಲ್‌ಇಡಿ ದೀಪಗಳು ಕಣ್ಣಿಗೆ ತಿಳಿಯದಷ್ಟು ವೇಗದಲ್ಲಿ ಮಿನುಗುತ್ತಿರುತ್ತವೆ. ಕ್ಯಾಮೆರಾಗೆ ಅದು ತಿಳಿಯುತ್ತದೆ, ಚಿತ್ರದ ಮೇಲೆ ಅಡ್ಡಡ್ಡ ಪಟ್ಟೆಗಳು ಮೂಡುತ್ತವೆ. ನೇರಳೆ ಬೆಳಕಿನಲ್ಲಿ ಅರಿಸಿನ ಹಚ್ಚಿದ ಮುಖದ ಹೊಂಬಣ್ಣ ಕಂದಿಹೋಗುತ್ತದೆ. ಛಾಯಾಗ್ರಾಹಕ ಎಷ್ಟೇ ನಿಪುಣನಾಗಿರಲಿ, ಧಾರೆಯ ನೀರು ಎರಡನೆಯ ಬಾರಿ ಬೀಳುವುದಿಲ್ಲ.

‘ಕಲ್ಯಾಣ ಮಂಟಪ’ ಎಂಬ ಹೆಸರನ್ನು ನಗರದ ಛತ್ರಗಳು ಪಡೆದುದು ದೇವಾಲಯಗಳಿಂದ. ಹಂಪೆಯ ವಿಠ್ಠಲ ದೇವಾಲಯದಲ್ಲಿ, ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದಲ್ಲಿ ಇರುವ ಕಲ್ಯಾಣ ಮಂಟಪಗಳನ್ನು ನೋಡಿದವರು ಒಂದು ಅಂಶವನ್ನು ಗಮನಿಸಿರಬಹುದು: ದೇವರ ವಿವಾಹೋತ್ಸವಕ್ಕಾಗಿ ಕಟ್ಟಿದ ಆ ಮಂಟಪಗಳಲ್ಲಿ ಸುತ್ತ ಕಂಬಗಳಿವೆ, ಗೋಡೆಯಿಲ್ಲ. ಬೆಳಕು ಪಕ್ಕಗಳಿಂದ ತಾನಾಗಿ ಒಳಬರುತ್ತದೆ. ಮನೆಯ ಮುಂದಿನ ತೆಂಗಿನ ಗರಿಯ ಚಪ್ಪರವೂ ಇದೇ ಕೆಲಸವನ್ನು ಮಾಡುತ್ತಿತ್ತು. ಬಿಸಿಲನ್ನು ಸೋಸಿ, ತಂಪಾದ ಬೆಳಕನ್ನಷ್ಟೇ ಕೆಳಗಿಳಿಸುತ್ತಿತ್ತು. ಬೆಳಗಿನ ಲಗ್ನದಲ್ಲಿ ದಂಪತಿಗಳು ಹೋಮಕ್ಕೆ ಪೂರ್ವಾಭಿಮುಖವಾಗಿ ಕುಳಿತರೆ ತೆರೆದ ಚಪ್ಪರದಲ್ಲಿ ಎಳೆಬೆಳಕು ನೇರವಾಗಿ ಮುಖದ ಮೇಲೆ ಬೀಳುತ್ತದೆ. ಶಾಸ್ತ್ರ ಹೇಳಿದವರಿಗೆ ಕ್ಯಾಮೆರಾದ ಚಿಂತೆಯಿರಲಿಲ್ಲ, ನಿಜ. ಆದರೂ ಛಾಯಾಗ್ರಾಹಕರು ಅವರಿಗೆ ಕೃತಜ್ಞರಾಗಿರಬೇಕು.

ಚಾವಣಿಯಿಂದಲೇ ಬೆಳಕನ್ನು ತಂದ ಅಪೂರ್ವ ಉದಾಹರಣೆ ಮೈಸೂರು ಅರಮನೆಯಲ್ಲಿದೆ. ಅಲ್ಲಿನ ಕಲ್ಯಾಣ ಮಂಟಪ ಎಂಟು ಮೂಲೆಗಳದು. ಗ್ಲಾಸ್ಗೋದಲ್ಲಿ ಎರಕಹೊಯ್ದ ಕಬ್ಬಿಣದ ಕಂಬಗಳು, ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜು. 2016ರ ಜೂನ್ ತಿಂಗಳಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಅವರ ವಿವಾಹ ನಡೆದುದು ಇಲ್ಲಿಯೇ. ಈ ಅರಮನೆ ಹುಟ್ಟಿದುದೂ ಒಂದು ಮದುವೆಯಿಂದ ಎಂಬುದನ್ನು ಮಾತ್ರ ಎಲ್ಲರೂ ನೆನೆಯುವುದಿಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಹೊಸದು ಎದ್ದು 1912ರಲ್ಲಿ ಪೂರ್ಣಗೊಂಡಿತು.

ಬೆಂಕಿಯ ಮಾತು ಬಂದುದರಿಂದ ಅದನ್ನು ಇಲ್ಲಿಯೇ ಮುಗಿಸುವುದು ಒಳ್ಳೆಯದು. 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗದ ಕಲ್ಯಾಣ ಮಂಟಪವೊಂದರಲ್ಲಿ ಬೆಂಕಿ ಹತ್ತಿ, ವರನೂ ಸೇರಿದಂತೆ ಐವತ್ತು ಮಂದಿಗೂ ಮಿಕ್ಕಿ ಸತ್ತರು. ಕಿಡಿ ಹುಟ್ಟಿದುದು ವಿದ್ಯುತ್ತಿನಿಂದ. ಹೊತ್ತಿದುದು ತಲೆಯ ಮೇಲಿನ ಒಣ ಹೊದಿಕೆ. ಚಿತ್ರಕ್ಕೆ ಅಂದವೆಂದು ಬಟ್ಟೆಯ ತೆರೆ, ಕಾಗದದ ಹೂವು, ಥರ್ಮೋಕೋಲ್ ಕಮಾನುಗಳನ್ನು ಕಟ್ಟಿಸುವವರು, ಅವುಗಳಿಗೆ ತಾಗಿಕೊಂಡೇ ಸುಡುದೀಪಗಳನ್ನು ನಿಲ್ಲಿಸುವವರು, ಹೊರಬಾಗಿಲುಗಳು ಎಷ್ಟಿವೆ, ಅವುಗಳಿಗೆ ಅಡ್ಡಲಾಗಿ ಅಲಂಕಾರದ ಗೋಡೆ ನಿಂತಿದೆಯೇ ಎಂಬುದನ್ನು ಖಂಡಿತ ನೋಡಬೇಕು. ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಕೇಳುವವರು ಮಾತ್ರ ಬೆರಳೆಣಿಕೆಯಷ್ಟು.

ಕೆಲವರಿಗೆ ಛತ್ರವೇ ಬೇಡ, ಶಿಲ್ಪಕಲೆಯ ನಡುವೆ ಮದುವೆಯಾಗಬೇಕೆಂಬ ಹಂಬಲ. ಸೋಮನಾಥಪುರದಂಥ ಸಂರಕ್ಷಿತ ಸ್ಮಾರಕಗಳಲ್ಲಿ ಅದು ಕೈಗೂಡುವಂಥದಲ್ಲ. 1958ರ ಕಾಯಿದೆಯ ಅಡಿಯಲ್ಲಿ 1959ರಲ್ಲಿ ರಚಿತವಾದ ನಿಯಮಗಳಂತೆ, ಕೇಂದ್ರ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಅಲ್ಲಿ ಸಭೆ, ಸತ್ಕಾರಕೂಟಗಳನ್ನು ನಡೆಸುವಂತಿಲ್ಲ. ಪೂಜೆ ನಡೆಯುವ ದೇವಾಲಯಗಳಲ್ಲಿ ರೂಢಿಯಿಂದ ಬಂದ ಧಾರ್ಮಿಕ ಆಚರಣೆಯ ಮಾತು ಬೇರೆ. ಅಲ್ಲಿಯೂ ಆಡಳಿತದವರನ್ನು ಕೇಳಿಯೇ ಲಗ್ನಪತ್ರಿಕೆ ಅಚ್ಚಿಗೆ ಕೊಡುವುದು ಕ್ಷೇಮ.

ಇನ್ನು ಲಗ್ನದ ವೇಳೆ. ಅಭಿಜಿನ್ ಲಗ್ನವಾದರೆ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಬಯಲಿನಲ್ಲಿ ಮಂಟಪ ಹಾಕಿದರೆ ಬಾಸಿಂಗದ ನೆರಳು ಕಣ್ಣಿನ ಮೇಲೆ ಬಿದ್ದು ಹುಡುಗಿ ಸಿಟ್ಟಾದಂತೆ ಕಾಣುತ್ತಾಳೆ. ಆಗ ಬಿಳಿಯ ಬಟ್ಟೆಯ ಮೇಲ್ಕಟ್ಟು ಅಗತ್ಯ. ಕೆಂಪು ಬಟ್ಟೆ ಕಟ್ಟಿದರೆ ಮುಖಗಳೆಲ್ಲ ಕೆಂಪು. ಗೋಧೂಳಿ ಲಗ್ನದ ಬೆಳಕು ಬಲು ಸೊಗಸು, ಆದರೆ ನಮ್ಮ ಸೀಮೆಯಲ್ಲಿ ಸಂಜೆಗೆಂಪು ಅರ್ಧ ಗಂಟೆಯೂ ನಿಲ್ಲದು. ಪುರೋಹಿತರ ಮಂತ್ರಕ್ಕೆ ಅವಸರ ಹೇಳುವ ಧೈರ್ಯ ಯಾರಿಗಿದೆ?

ವೇದಿಕೆಯ ಎತ್ತರವೂ ಅಲ್ಪ ವಿಷಯವಲ್ಲ. ಬಹಳ ಎತ್ತರವಾದರೆ ಮಂಡಿನೋವಿನ ಅಜ್ಜಿ ಅಕ್ಷತೆ ಹಾಕಲು ಮೇಲೇರಲಾರರು. ಮೊಮ್ಮಗಳ ಮದುವೆಯ ಯಾವ ಚಿತ್ರದಲ್ಲಿಯೂ ಅವರಿರುವುದಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ಅವರಿಗೆ ಕಾಣಿಸುವುದು ಕ್ಯಾಮೆರಾ ಹಿಡಿದವರ ಬೆನ್ನುಗಳು ಮಾತ್ರ. ಪಕ್ಕದಲ್ಲಿ ಇಳಿಜಾರು ದಾರಿಯೋ, ಹಿಡಿಯುವ ಕಂಬಿಯುಳ್ಳ ಎರಡು ಮೆಟ್ಟಿಲೋ ಇರುವ ಛತ್ರ ಸಿಕ್ಕರೆ, ಗೋಡೆಯ ಬಣ್ಣ ಸ್ವಲ್ಪ ಮಾಸಿದ್ದರೂ ಅದನ್ನೇ ಆರಿಸಬಹುದು.

ಇಷ್ಟನ್ನೂ ಪರೀಕ್ಷಿಸಲು ತಜ್ಞರು ಬೇಕಿಲ್ಲ. ಒಂದು ಭಾನುವಾರ, ಲಗ್ನದ ವೇಳೆಗೆ ಸರಿಯಾಗಿ, ಮದುಮಗಳನ್ನೇ ಕರೆದುಕೊಂಡು ಛತ್ರಕ್ಕೆ ಹೋಗಬೇಕು. ದೀಪಗಳನ್ನು ಆರಿಸಿ, ಪರದೆಗಳನ್ನು ಸರಿಸಿ, ಮಂಟಪದಲ್ಲಿ ಮಣೆಯ ಮೇಲೆ ಕೂರಿಸಿ, ಮೊಬೈಲಿನಲ್ಲಿಯೇ ಒಂದು ಚಿತ್ರ ತೆಗೆಯಬೇಕು. ಆಮೇಲೆ ದೀಪ ಹಾಕಿ ಇನ್ನೊಂದು. ಹಲವು ಛತ್ರಗಳಲ್ಲಿ ಕುಟುಂಬದ ಗುಂಪುಚಿತ್ರಕ್ಕೆ ತಕ್ಕ ಜಾಗ ಬೆಳಗುವ ವೇದಿಕೆಯಲ್ಲ, ಊಟದ ಮನೆಯ ಹೊರಗಿನ ಜಗಲಿ ಎಂಬುದು ಆಗ ಗೊತ್ತಾಗುತ್ತದೆ. ಅಲ್ಲಿ ಒಟ್ಟಿರುವ ಎಲೆಯ ಕಟ್ಟುಗಳನ್ನೂ ಗ್ಯಾಸ್ ಸಿಲಿಂಡರುಗಳನ್ನೂ ಮದುವೆಯ ದಿನ ತೆರವು ಮಾಡಿಸುವುದಾಗಿ ವ್ಯವಸ್ಥಾಪಕರಿಂದ ಒಂದು ಮಾತು ಬರೆಯಿಸಿಕೊಂಡು, ಆಮೇಲೆ ಮುಂಗಡ ಕೊಡಬಹುದು.