ಐವತ್ತು ದಾಟಿದ ಜೀಪಿಗೆ ತೆರೆದ ಬಂದರು

1949ರಲ್ಲಿ ಮದ್ರಾಸ್ ಬಂದರಿಗೆ 155 ಜೀಪುಗಳು ಬಂದಿಳಿದವು. ಎಲ್ಲವೂ ಹಳೆಯವು, ದುರಸ್ತಿ ಮಾಡಿ ಕಳಿಸಿದಂಥವು. ಹಿಂದಿನ ವರ್ಷ, ಕಾಶ್ಮೀರದಲ್ಲಿ ಕದನ ನಡೆದಿದ್ದಾಗ, ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೇನೆಗಾಗಿ ಸುಮಾರು 80 ಲಕ್ಷ ರೂಪಾಯಿಯ ಖರೀದಿ ಒಪ್ಪಂದ ಮಾಡಿಕೊಂಡಿದ್ದರು. ಬಂದ ಗಾಡಿಗಳನ್ನು ಪರೀಕ್ಷಿಸಿದಾಗ ಸೇನೆಯ ಕೆಲಸಕ್ಕೆ ಒದಗುವಂತಿರಲಿಲ್ಲ. ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲ ಎಬ್ಬಿಸಿದ ಈ ಪ್ರಕರಣವನ್ನು 1955ರಲ್ಲಿ ಸರ್ಕಾರ ಮುಕ್ತಾಯಗೊಳಿಸಿತು. ಕಣ್ಣಾರೆ ನೋಡದೆ ಹೊರದೇಶದಿಂದ ಹಳೆಯ ಜೀಪು ತರಿಸುವವರು ಇಂದಿಗೂ ನೆನಪಿಡಬೇಕಾದ ಪ್ರಕರಣವಿದು.

ಈಗ ಅಂಥ ಜೀಪನ್ನು ಬಯಸುವವರು ಹವ್ಯಾಸಿಗಳು. 2025ರಲ್ಲಿ ಕೇಂದ್ರ ಸರ್ಕಾರ ಆಮದು ನಿಯಮ ಸಡಿಲಿಸಿ, 50 ವರ್ಷ ದಾಟಿದ ವಾಹನಗಳನ್ನು ಸ್ವಂತಕ್ಕೆ ತರಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಅದಕ್ಕೂ ಮೊದಲು ಈ ಅನುಕೂಲ 1950ಕ್ಕಿಂತ ಹಿಂದೆ ತಯಾರಾದವಕ್ಕೆ ಮಾತ್ರವಿತ್ತು.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಜೀಪಿನ ಮೇಲಿನ ಮೋಹಕ್ಕೆ ನೆಲವೇ ಕಾರಣ ಕೊಡುತ್ತದೆ. ನಾಲ್ಕು ಮಳೆ ಬಿದ್ದರೆ ತೊಗರಿ ಹೊಲದ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಬಿಡದು. ಫರ್ಸಿ ಕಲ್ಲಿನ ಗಣಿಗಳಿಗೂ ಸಿಮೆಂಟಿನ ಸುಣ್ಣದಕಲ್ಲು ತೆಗೆಯುವ ಜಾಗಗಳಿಗೂ ಹೋಗುವ ದಾರಿಯಲ್ಲಿ ಕಲ್ಲಿನ ಚೂರು, ತಗ್ಗು, ಏರು. ಚಂದ್ರಂಪಳ್ಳಿ ಜಲಾಶಯದ ಸುತ್ತ ಚಿಂಚೋಳಿ ಕಾಡಿನ ಹಾದಿಯೂ ಸಣ್ಣ ಕಾರಿನ ಹೊಟ್ಟೆಗೆ ಕಷ್ಟವೇ. ನಾಲ್ಕೂ ಗಾಲಿಗೆ ಎಂಜಿನ್ ಬಲ ಕೊಡುವ ಗಾಡಿಯ ಬೆಲೆ ಇಂಥ ಊರುಗಳವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಆಮದಿನ ಕಾನೂನು ಎರಡು ಕಡೆ ಮಾತ್ರ ಬಾಗಿಲು ತೆರೆದಿದೆ. ಸಾಮಾನ್ಯ ಸೆಕೆಂಡ್ ಹ್ಯಾಂಡ್ ಕಾರಾದರೆ 3 ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು, ಮುಂಬೈ ಬಂದರಿನಿಂದಲೇ ಬರಬೇಕು. ವಿಂಟೇಜ್ ಆದರೆ 50 ದಾಟಿರಬೇಕು. ನಡುವಿನ ವಯಸ್ಸಿನ, ಉದಾಹರಣೆಗೆ 30 ವರ್ಷದ ಲ್ಯಾಂಡ್ ಕ್ರೂಸರ್ ಮೇಲೆ ಮನಸ್ಸಿಟ್ಟವರಿಗೆ ಈ ಎರಡೂ ದಾರಿ ಒದಗುವುದಿಲ್ಲ. 1948ರಲ್ಲಿ ಆಮ್ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಲ್ಯಾಂಡ್ ರೋವರ್‌ನ ಆರಂಭದ ಮಾದರಿಗಳು, 1960ರಿಂದ ತಯಾರಾದ ಟೊಯೊಟಾ ಎಫ್‌ಜೆ40ಯ ಮೊದಲ ವರ್ಷಗಳ ಗಾಡಿಗಳು, ಯುದ್ಧಕಾಲದ ವಿಲ್ಲಿಸ್ ಜೀಪು ಇವೆಲ್ಲ ವಯಸ್ಸಿನ ಪರೀಕ್ಷೆ ಗೆಲ್ಲುತ್ತವೆ.

ವಿಲ್ಲಿಸ್ ಜೀಪನ್ನೇ ತೆಗೆದುಕೊಳ್ಳೋಣ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಕ್ಷೆಯ ಮೇಲೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಸುಮಾರು 60 ಅಶ್ವಶಕ್ತಿಯ ಎಂಜಿನ್, ಒಂದು ಟನ್ ಆಸುಪಾಸಿನ ತೂಕ. ಉದ್ದ ಮೂರೂಕಾಲು ಮೀಟರಿಗಿಂತ ತುಸು ಹೆಚ್ಚಿರುವುದರಿಂದ 20 ಅಡಿಯ ಕಂಟೇನರಿನಲ್ಲಿ ಸಲೀಸಾಗಿ ಕೂರುತ್ತದೆ. ಕಷ್ಟವಿರುವುದು ಗುರುತು ಹಿಡಿಯುವುದರಲ್ಲಿ. ಯುದ್ಧದ ಗ್ಯಾರೇಜುಗಳಲ್ಲಿ, ಆಮೇಲಿನ ಗುಜರಿ ಅಂಗಡಿಗಳಲ್ಲಿ ಒಂದರ ಎಂಜಿನ್ ಇನ್ನೊಂದಕ್ಕೆ, ಒಂದರ ಬಾಡಿ ಮತ್ತೊಂದರ ಚಾಸಿಗೆ ಸೇರಿಕೊಂಡಿವೆ. ಫೋರ್ಡ್ ತನ್ನ ಅನೇಕ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ‘ಎಫ್’ ಅಕ್ಷರ ಒತ್ತುತ್ತಿತ್ತು. ವಿಲ್ಲಿಸ್ ತನ್ನ ಚಾಸಿ ಸಂಖ್ಯೆಯನ್ನು ಸಣ್ಣ ತಗಡಿನ ಮೇಲೆ ಬರೆದು ರಿವೆಟ್ ಹೊಡೆಯುತ್ತಿತ್ತು. ತಗಡು ಕಳಚಿ ಬೇರೆ ಗಾಡಿಗೆ ಹಚ್ಚುವುದು ಸುಲಭ. ಹಾಗಾಗಿ ಹಣ ಕಳಿಸುವ ಮೊದಲು ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಹಳೆಯ ನೋಂದಣಿ ಪತ್ರ ಮೂರನ್ನೂ ತಾಳೆ ನೋಡಲು ಅಲ್ಲಿಯೇ ಒಬ್ಬ ಬಲ್ಲವರನ್ನು ಗೊತ್ತು ಮಾಡಬೇಕು.

ಮುಂದಿನದು ಹಣದ ಲೆಕ್ಕ. ಕಸ್ಟಮ್ಸ್ ಸುಂಕ ಗಾಡಿಯ ಬೆಲೆಗೆ ಹಡಗಿನ ಬಾಡಿಗೆ, ವಿಮೆ ಸೇರಿಸಿದ ಮೊತ್ತದ ಮೇಲೆ ಬೀಳುತ್ತದೆ. ಆ ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ ಜಿಎಸ್‌ಟಿ. ಎಲ್ಲ ಸೇರಿ ತೆರಿಗೆಯೇ ಗಾಡಿಯ ಬೆಲೆಯನ್ನು ಮೀರುತ್ತದೆ. ಅಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದವರು ಇಲ್ಲಿ ಕೈ ಹಿಸುಕಿಕೊಳ್ಳುವುದು ಈ ಹಂತದಲ್ಲೇ.

ಮುಂಬೈಯಿಂದ ಸೊಲ್ಲಾಪುರದ ಮೇಲೆ ಲಾರಿಯಲ್ಲಿ ಕಲಬುರಗಿ ಸೇರಿದ ಮೇಲೆ ನೋಂದಣಿ. 2021ರ ವಿಂಟೇಜ್ ನಿಯಮದ ಪ್ರಕಾರ ಅರ್ಜಿಯ ಜತೆ ವಿಮೆ ಮತ್ತು ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಕೊಡಬೇಕು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಆಮೇಲಿನ ಮರುನೋಂದಣಿಗೆ 5,000. ನಂಬರ್ ಪ್ಲೇಟಿನಲ್ಲಿ ಕಲಬುರಗಿಯ ಕೆಎ 32 ಇರುವುದಿಲ್ಲ, ಕೆಎ ಆದ ಮೇಲೆ ವಿಎ ಎಂಬ ಅಕ್ಷರಗಳು ಬರುತ್ತವೆ. ಯುದ್ಧಕಾಲದ ವಿಲ್ಲಿಸ್‌ಗಳ ಸ್ಟೀರಿಂಗ್ ಎಡಕ್ಕಿರುತ್ತದೆ. ಅಂಥ ಗಾಡಿ ರಸ್ತೆಗಿಳಿಯಲು ಸರಿಯಾಗಿ ಕೆಲಸ ಮಾಡುವ ಸಿಗ್ನಲ್ ವ್ಯವಸ್ಥೆ ಇರಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 120ನೇ ಕಲಂ ಹೇಳುತ್ತದೆ.

ಇನ್ನೊಂದು ಕಟ್ಟುಪಾಡನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ವಿಂಟೇಜ್ ನಂಬರಿನ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ರಿಪೇರಿ ಇಷ್ಟಕ್ಕೇ ರಸ್ತೆ. ಚಾಸಿ, ಬಾಡಿ, ಎಂಜಿನ್ ಬದಲಾಯಿಸಿದರೆ ವಿಂಟೇಜ್ ಎಂಬ ಮಾನ್ಯತೆಯೇ ಇಲ್ಲ. ಚಿಂಚೋಳಿಯ ಹೊಲಕ್ಕೂ ಶಹಾಬಾದಿನ ಗಣಿಗೂ ದಿನಾ ಓಡಿಸಲು ಜೀಪು ಬೇಕಾದವರು ಆಮದಿನ ಯೋಚನೆಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಅದೇ ವಂಶದ ಗಾಡಿ ನಮ್ಮಲ್ಲೇ ಹುಟ್ಟಿದೆ. 1945ರಲ್ಲಿ ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಸೋದರರು ಮಲಿಕ್ ಗುಲಾಂ ಮೊಹಮ್ಮದ್ ಜತೆ ‘ಮಹೀಂದ್ರಾ ಅಂಡ್ ಮೊಹಮ್ಮದ್’ ಕಂಪನಿ ಕಟ್ಟಿದರು. ಸೇಡಂ, ಚಿತ್ತಾಪುರಗಳು ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ಹಣಕಾಸು ಖಾತೆಯಲ್ಲಿ ಕೆಲಸ ಮಾಡಿದ್ದವರು ಈ ಗುಲಾಂ ಮೊಹಮ್ಮದ್. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಇಲ್ಲಿ ಉಳಿದ ಕಂಪನಿ ವಿಲ್ಲಿಸ್ ಬಿಡಿಭಾಗ ತರಿಸಿ ಮುಂಬೈಯ ಮಜಗಾಂವ್‌ನಲ್ಲಿ ಜೀಪು ಜೋಡಿಸಿತು, ಬಳಿಕ ಎತ್ತರದ ಬಾನೆಟ್ಟಿನ ಸಿಜೆ3ಬಿಯನ್ನು ದಶಕಗಳ ಕಾಲ ತಯಾರಿಸಿತು. ನಿಸಾನ್ ಪ್ಯಾಟ್ರೋಲ್‌ನ ನಕ್ಷೆಯ ಮೇಲೆ ಜಬಲ್ಪುರದ ಕಾರ್ಖಾನೆ ಸೇನೆಗೆ ಕಟ್ಟಿಕೊಟ್ಟ ಜೋಂಗಾ ಕೂಡ ಹರಾಜಿನ ಮೂಲಕ ಜನರ ಕೈಗೆ ಬಂದಿದೆ.

ವಿಂಟೇಜ್ ನಿಯಮ ಹೊರದೇಶದ್ದು, ನಮ್ಮದು ಎಂದು ಭೇದ ಮಾಡುವುದಿಲ್ಲ. ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲ ರೂಪ ಕೆಡದ, ಸ್ವಂತ ಬಳಕೆಯ ಮಹೀಂದ್ರಾ ಜೀಪಿಗೂ ಅದೇ 20,000 ರೂಪಾಯಿಗೆ ಅದೇ ವಿಎ ನಂಬರ್ ಸಿಗುತ್ತದೆ. ಕಸ್ಟಮ್ಸ್ ಇಲ್ಲ, ಕಂಟೇನರ್ ಇಲ್ಲ, ಬಿಡಿಭಾಗಕ್ಕೆ ಹೊರದೇಶದತ್ತ ನೋಡಬೇಕಾಗಿಲ್ಲ. ಇಂಥ ಗಾಡಿಯ ಹಳೆಯ ಆರ್‌ಸಿ ಪುಸ್ತಕ ಯಾರ ಮನೆಯಲ್ಲಾದರೂ ಇದ್ದರೆ ಜೋಪಾನವಾಗಿ ತೆಗೆದಿಡಬೇಕು. ಜೀಪನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವ ಮೊದಲು ಆ ಪುಸ್ತಕದಲ್ಲಿರುವ ಮೊದಲ ನೋಂದಣಿಯ ದಿನಾಂಕ ನೋಡಬೇಕು. 1970ರ ದಶಕದ ಗಾಡಿಗಳು ಒಂದೊಂದಾಗಿ ಆ ಗೆರೆ ದಾಟುತ್ತಿರುವ ವರ್ಷಗಳು ಇವೇ.